ಪರ್ಜಿಯೊ ಕತ್ತರಿಸಿದ ಅಂಚು

ಪರ್ಜಿಯೊ ಕೆಲಸ ಶುರುಮಾಡುವ ಮೊದಲು ಫ್ಯಾನ್ ಆರಿಸುತ್ತಾನೆ. ಜಾವಾದ ಸೋಲೊ ಪಟ್ಟಣದ ಮಧ್ಯಾಹ್ನದ ಸೆಕೆಯಲ್ಲಿ ಫ್ಯಾನ್ ಆರಿಸಿಕೊಂಡು ನಿಲ್ಲುವವನಿಗೆ ತಲೆ ನೆಟ್ಟಗಿಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಗಾಳಿ ಆಡಿದರೆ ದೂಳು ಏಳುತ್ತದೆ, ಎದ್ದ ದೂಳು ಹೋಗಿ ಅಂಟಿನ ಮೇಲೆಯೇ ಕೂರುತ್ತದೆ. ಸಾಸಿವೆಗಿಂತ ಸಣ್ಣ ಕಣವೊಂದು ಚಿತ್ರದ ಅಡಿ ಸಿಕ್ಕಿಕೊಂಡರೂ ಸಾಕು, ಮದುಮಗಳ ಕೆನ್ನೆಯ ಮೇಲೆ ಮೊಡವೆ ಎದ್ದ ಹಾಗೆ ಕಾಣುತ್ತದೆ. ಒಮ್ಮೆ ಅಂಟಿದ ಚಿತ್ರವನ್ನು ಬಿಡಿಸುವ ಮಾತೇ ಇಲ್ಲ. ಆದ್ದರಿಂದ ಫ್ಯಾನ್ ಆರುತ್ತದೆ, ಬಾಗಿಲು ಮುಚ್ಚುತ್ತದೆ, ಹಣೆಗೆ ಒಂದು ಬಟ್ಟೆ ಬಿಗಿಯುತ್ತದೆ. ಆಮೇಲೆ ಅವನ ಜೊತೆ ಮಾತಾಡಲು ಹೋಗುವವರು ಬೈಸಿಕೊಳ್ಳಲು ತಯಾರಾಗಿರಬೇಕು.

ಅವನ ಕೆಲಸ ಇಷ್ಟೆ. ಇಂಕ್‌ಜೆಟ್ ಯಂತ್ರದಿಂದ ಬಂದ ಆಳೆತ್ತರದ ಚಿತ್ರಗಳನ್ನು ಹಲಗೆಗೆ ಅಂಟಿಸಿ, ಮೇಲೊಂದು ತೆಳು ಹಾಳೆ ಹೊದಿಸಿ, ಅಂಚು ಕತ್ತರಿಸಿ, ಚೌಕಟ್ಟು ಹಾಕಿ ಕೊಡುವುದು. ಮದುವೆ ಮಂಟಪದ ಬಾಗಿಲಲ್ಲಿ ನಿಲ್ಲಿಸುವ ಜೋಡಿಗಳು, ಪದವಿಯ ಟೋಪಿ ಇಟ್ಟುಕೊಂಡ ಮಕ್ಕಳು, ಮಕ್ಕಾಗೆ ಹೋಗಿಬಂದ ಅಜ್ಜಂದಿರು, ಎಲ್ಲರೂ ಅವನ ಮೇಜಿನ ಮೇಲೆ ಅಂಗಾತ ಮಲಗಿ ಎದ್ದುಹೋದವರೇ. ಹಲಗೆಯ ಅಂಟಿನ ಮೇಲಿನ ಕಾಗದವನ್ನು ಮೇಲ್ತುದಿಯಲ್ಲಿ ನಾಲ್ಕು ಬೆರಳಗಲ ಮಾತ್ರ ಬಿಡಿಸಿ, ಚಿತ್ರದ ಅಂಚನ್ನು ಅಲ್ಲಿ ಕೂರಿಸಿ, ಉಸಿರು ಬಿಗಿಹಿಡಿದು ಒಂದು ಕೈಯಲ್ಲಿ ಕಾಗದ ಎಳೆಯುತ್ತ ಇನ್ನೊಂದು ಕೈಯಲ್ಲಿ ರಬ್ಬರಿನ ಉರುಳೆ ಒತ್ತುತ್ತ ಇಳಿಯುತ್ತಾನೆ. ನೋಡುವುದಕ್ಕೇ ಚಂದ. ಲಾವೆಯಾನ್ ಕೇರಿಯ ಬಾತಿಕ್ ಬಟ್ಟೆ ವ್ಯಾಪಾರದ ದೊಡ್ಡ ಮನೆಯವರೆಲ್ಲ "ಪರ್ಜಿಯೊ ಕೈಲೇ ಮಾಡಿಸಿ" ಎಂದು ಹೇಳಿ ಕಳಿಸುತ್ತಾರೆ. ಅದು ಅವನ ಕಿವಿಗೂ ಬಿದ್ದಿದೆ. ಬಿದ್ದ ಮೇಲೆ ನಡಿಗೆಯೇ ಸ್ವಲ್ಪ ಬದಲಾಗಿದೆ.

ಒಂದು ವಿಚಿತ್ರವೆಂದರೆ, ಇಷ್ಟು ಮುಖಗಳನ್ನು ಅಂಟಿಸುವ ಈ ಮನುಷ್ಯ ಯಾರ ಮುಖವನ್ನೂ ನೋಡುವುದಿಲ್ಲ. ಗುಳ್ಳೆ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಮೂಲೆ ನೋಡುತ್ತಾನೆ. ದಾರಿಯಲ್ಲಿ ಯಾರೋ ನಗುತ್ತ "ನನ್ನ ಮಗಳ ಮದುವೆ ಫೋಟೊ ನೀವೇ ಅಲ್ವಾ ಮಾಡಿದ್ದು?" ಎಂದರೆ, ಹುಡುಗಿ ನೆನಪಾಗುವುದಿಲ್ಲ, ಹಲಗೆಯ ಅಳತೆ ನೆನಪಾಗುತ್ತದೆ.

ಆ ವರ್ಷ ಉಪವಾಸದ ತಿಂಗಳ ಕೊನೆಯ ವಾರ. ಉಪವಾಸ ಮುಗಿಯುವ ಲೆಬಾರಾನ್ ಹಬ್ಬಕ್ಕೆ ಊರೆಲ್ಲ ತಮ್ಮ ತಮ್ಮ ಮುಖಗಳನ್ನು ಗೋಡೆಗೆ ಏರಿಸಲು ಹೊರಟಂತಿತ್ತು. ಅಂಗಡಿಯ ಯಜಮಾನ ಸೆಮರಾಂಗಿಗೆ ಹೋಗಿದ್ದ. ಯಂತ್ರದ ಮುಂದೆ ಸೆಕಾರ್ ಎಂಬ ಹೆಣ್ಣುಮಗಳು, ಒಳಗೆ ಮೇಜಿನ ಹತ್ತಿರ ಪರ್ಜಿಯೊ. ಬು ನಿಂಗ್ರುಮ್ ಅವರ ಮನೆಯ ಚಿತ್ರ ಬಂದಿತ್ತು. ಎತ್ತರದ ಗೋಡೆಯ ದೊಡ್ಡ ಮನೆಯೊಡತಿ ಆಕೆ; ಬು ಎಂದರೆ ಅಮ್ಮನವರು. ಹಿಂದಿನ ವರ್ಷದ ಹಬ್ಬದಲ್ಲಿ ಇಡೀ ಸಂಸಾರ ಸೇರಿದ್ದಾಗ ಜಗುಲಿಯಲ್ಲಿ ತೆಗೆಸಿದ ಚಿತ್ರ, ಎರಡು ಕೈ ಚಾಚಿ ಹಿಡಿಯುವಷ್ಟು ಅಗಲ. ಈ ಹಬ್ಬಕ್ಕೆ ಮಕ್ಕಳೆಲ್ಲ ಬರುವಷ್ಟರಲ್ಲಿ ನಡುಮನೆಯಲ್ಲಿ ಇರಬೇಕು ಎಂದು ಹೇಳಿಕಳಿಸಿದ್ದರು.

ಮಧ್ಯಾಹ್ನದ ನಮಾಜಿಗೆ ಕೈಕಾಲು ತೊಳೆಯುವಾಗ ಪರ್ಜಿಯೊ ಹಣೆಯ ಬಟ್ಟೆ ಬಿಚ್ಚಿಟ್ಟಿದ್ದ. ಬಂದು ಮತ್ತೆ ಕಟ್ಟಿಕೊಳ್ಳಲು ಮರೆತ. ಫ್ಯಾನ್ ಆರಿಸಲು ಮಾತ್ರ ಮರೆಯಲಿಲ್ಲ. ಚಿತ್ರ ಹಲಗೆಯ ಮೇಲೆ ಎಲ್ಲೂ ಒಂದು ಗುಳ್ಳೆಯಿಲ್ಲದೆ ಕೂತಿತು. ಇನ್ನು ಮೇಲೆ ಹೊದಿಸುವ ಹಾಳೆಯೊಂದು ಬಾಕಿ. ಬಗ್ಗಿ ಬಲಗಡೆಯ ಅಂಚಿಗೆ ಕಣ್ಣು ಹಾಯಿಸುತ್ತಿದ್ದಾಗ ಅವನ ಹಣೆಯಿಂದ ಬೆವರ ಹನಿಯೊಂದು ಜಾರಿ ಬಿತ್ತು.

ಹನಿ ಬಿದ್ದದ್ದು ತಾನಾಗಿ ಒಣಗಲು ಬಿಟ್ಟಿದ್ದರೆ ಸಣ್ಣ ಕಲೆ ಉಳಿಯುತ್ತಿತ್ತೋ ಏನೋ. ಗಾಬರಿಯಲ್ಲಿ ತೋಳಿನಿಂದ ಒರೆಸಿಬಿಟ್ಟ. ಇಂಕ್‌ಜೆಟ್ ಬಣ್ಣಕ್ಕೆ ನೀರು ಕಂಡರೆ ಆಗುವುದಿಲ್ಲ ಎಂದು ಹತ್ತು ಜನಕ್ಕೆ ಪಾಠ ಹೇಳಿದವನು ತಾನೇ ಒರೆಸಿದ. ಬಲಗಡೆಯ ತುದಿಯಲ್ಲಿ ಉಳಿದವರಿಂದ ಒಂದು ಹೆಜ್ಜೆ ದೂರದಲ್ಲಿ ನಿಂತಿದ್ದ ಹೆಂಗಸಿನ ಮುಖ ಕಲಸಿಹೋಯಿತು. ಕಣ್ಣು ಮೂಗು ಒಂದಾಗಿ, ಕಂದು ಬಣ್ಣ ಹೆಗಲ ಮೇಲೆ ಇಳಿಯಿತು.

ಆಗ ಮಾಡಬೇಕಾದದ್ದು ಸುಲಭವಿತ್ತು. ಎದ್ದು ಹೊರಗೆ ಹೋಗಿ "ಸೆಕಾರ್, ಕೆಡಿಸಿಬಿಟ್ಟೆ, ಇನ್ನೊಂದು ಪ್ರಿಂಟ್ ತೆಗಿ" ಎನ್ನಬೇಕಿತ್ತು. ಆದರೆ ಅದರ ಹಿಂದಿನ ದಿನವಷ್ಟೇ ಕಾಗದ ಹಾಳುಮಾಡಿದಳೆಂದು ಸೆಕಾರ್‌ಳನ್ನು ಗಿರಾಕಿಗಳ ಎದುರೇ ಜಾಡಿಸಿದ್ದ. "ಇಷ್ಟು ವರ್ಷದಲ್ಲಿ ನನ್ನ ಕೈಲಿ ಒಂದು ಹಾಳೆ ಕೆಟ್ಟಿದ್ದು ನೋಡಿದೀಯಾ?" ಎಂದು ಬೇರೆ ಕೇಳಿದ್ದ. ಆ ಬಾಯಲ್ಲಿ ಈ ಮಾತು ಹೊರಡಲಿಲ್ಲ.

ಅವನು ಮತ್ತೊಮ್ಮೆ ಚಿತ್ರ ನೋಡಿದ. ಆ ಹೆಂಗಸು ಕೈಗಳನ್ನು ಹೊಟ್ಟೆಯ ಮುಂದೆ ಜೋಡಿಸಿ, ತಲೆ ಸ್ವಲ್ಪ ಬಗ್ಗಿಸಿ ನಿಂತಿದ್ದಳು. ಆ ನಿಲುವು ಅವನಿಗೆ ಚೆನ್ನಾಗಿ ಗೊತ್ತು. ಅವನ ತಾಯಿ ಇಂಥದೇ ಒಂದು ಮನೆಯಲ್ಲಿ ಕಸ ಮುಸುರೆ ಮಾಡಿ ಅವನನ್ನು ಸಾಕಿದವಳು, ಯಜಮಾನಿತಿಯ ಮುಂದೆ ಹೀಗೆಯೇ ನಿಲ್ಲುತ್ತಿದ್ದಳು. ಓ, ಇವಳು ಮನೆಕೆಲಸದವಳು, ಎಂದುಕೊಂಡ. ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಆಮೇಲೆ ಅದನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು. ಕೆಲಸದವಳನ್ನು ಯಾರು ಹುಡುಕುತ್ತಾರೆ?

ಸ್ಟೀಲಿನ ಪಟ್ಟಿ ಇಟ್ಟು, ಕಟರಿಗೆ ಹೊಸ ಬ್ಲೇಡು ಹಾಕಿ, ಆ ತುದಿಯನ್ನು ಹಲಗೆಯ ಸಮೇತ ಕತ್ತರಿಸಿಹಾಕಿದ. ಒಂದು ಕಡೆ ಮಾತ್ರ ಕತ್ತರಿಸಿದರೆ ಚಿತ್ರ ವಾರೆಯಾಗಿ ಕಾಣುತ್ತದೆಂದು ಎಡಗಡೆಯಿಂದಲೂ ಅಷ್ಟೇ ತೆಗೆದ. ಅಲ್ಲಿದ್ದದ್ದು ಒಂದು ಕಂಬ ಮತ್ತು ಹೂವಿನ ಕುಂಡ. ಮೇಲೆ ಹಾಳೆ ಹೊದಿಸಿ, ಹೊಸ ಅಳತೆಗೆ ಚೌಕಟ್ಟು ಬಿಗಿದು, ಗೋಡೆಗೆ ಒರಗಿಸಿ ದೂರ ನಿಂತು ನೋಡಿದ. ಚೆನ್ನಾಗಿತ್ತು. ಮೊದಲಿಗಿಂತ ಚೆನ್ನಾಗಿತ್ತು ಎಂದು ಕೂಡ ಅನ್ನಿಸಿತು. ಕತ್ತರಿಸಿದ ಚೂರನ್ನು ಮುರಿದು ಕಸದ ಚೀಲದ ಅಡಿಗೆ ತುರುಕಿ, ಮೇಲೆ ಬೇರೆ ಕಸ ಹಾಕಿದ.

ಮಾರನೆಯ ದಿನ ಚಿತ್ರ ಒಯ್ಯಲು ಬಂದವಳು ಬುಧೆ ರುಬಿನೆಮ್.

ಬುಧೆ ಎಂದರೆ ದೊಡ್ಡಮ್ಮ. ಕೇರಿಗೆಲ್ಲ ಅವಳು ಬುಧೆಯೇ. ಹುಡುಗಿಯಾಗಿದ್ದಾಗ ವೊನೊಗಿರಿಯ ಬರಡು ಹಳ್ಳಿಯಿಂದ ಬಂದು ಬು ನಿಂಗ್ರುಮ್ ಅವರ ಮನೆ ಸೇರಿದವಳು ಮದುವೆಯೆಂಬುದನ್ನೇ ಮರೆತು ಅಲ್ಲೇ ಮುದುಕಿಯಾಗಿದ್ದಳು. ಸೈಕಲ್ ರಿಕ್ಷಾವನ್ನು ಬಾಗಿಲಲ್ಲಿ ನಿಲ್ಲಿಸಿ, ಚಪ್ಪಲಿ ಹೊರಗೆ ಬಿಟ್ಟು, ಅಂಗಡಿಯೊಳಗೂ ಯಾರದೋ ನಡುಮನೆಗೆ ಬಂದವಳ ಹಾಗೆ ಬಗ್ಗಿಕೊಂಡು ಬಂದಳು. ಒಗೆದು ಇಸ್ತ್ರಿ ಮಾಡಿದ ಕುಪ್ಪಸ ತೊಟ್ಟಿದ್ದಳು. ಫೋಟೊ ಒಯ್ಯಲು ಬರುವವರು ಅಷ್ಟು ಸಿಂಗರಿಸಿಕೊಂಡು ಬರುವುದಿಲ್ಲ.

"ವರ್ತಿನಿ ಗಂಡ ಅಲ್ವಾ ನೀನು? ನಮ್ಮನೆ ಫೋಟೊ ಆಯ್ತಂತಲ್ಲ ಮಗಾ?" ಎಂದಳು.

"ಆಯ್ತು ಬುಧೆ, ನೋಡಿ" ಎಂದು ಪರ್ಜಿಯೊ ಮೇಲಿನ ಕಾಗದ ಸರಿಸಿದ.

ಅವಳು ಎಡಗಡೆಯಿಂದ ನೋಡಲಿಲ್ಲ. ಕಣ್ಣು ನೇರ ಬಲಗಡೆಯ ತುದಿಗೆ ಹೋಯಿತು. ಅಲ್ಲಿ ಬು ನಿಂಗ್ರುಮ್ ಅವರ ಅಳಿಯನ ತೋಳಿತ್ತು, ಅದರಾಚೆ ಚೌಕಟ್ಟು. ಅವಳು ಚೌಕಟ್ಟಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಮೊದಲ ಸಾಲು, ಎರಡನೆಯ ಸಾಲು, ಮಕ್ಕಳ ಹಿಂದೆ, ಕುರ್ಚಿಗಳ ಹಿಂದೆ ಹುಡುಕಿ ಮತ್ತೆ ಬಲಗಡೆಗೆ ಬಂದಳು. ಆಗ ಪರ್ಜಿಯೊ ಅವಳ ಮುಖ ನೋಡಿದ. ಕೈ ಹೊಟ್ಟೆಯ ಮುಂದೆ ಜೋಡಿಸಿಕೊಂಡು ತಲೆ ಬಗ್ಗಿಸಿ ನಿಂತಿದ್ದ ಅವಳನ್ನು ನೋಡಿದ. ಕತ್ತರಿಸಿದ್ದು ಇವಳನ್ನೇ.

"ಚೆನ್ನಾಗಿದೆ" ಎಂದಳು ರುಬಿನೆಮ್. ಜಾವಾದವರು ಅಷ್ಟನ್ನು ಹೇಳಿಯೇ ಹೇಳುತ್ತಾರೆ, ಮನೆ ಬಿದ್ದರೂ ಹೇಳುತ್ತಾರೆ. ದನಿ ಇಳಿಸಿ ಕೇಳಿದಳು: "ಇದು... ಅಮ್ಮನೇ ಹೇಳಿಕಳಿಸಿದ್ದಾ? ಹಿಂಗೆ ಮಾಡಿ ಅಂತ?"

ಈ ಒಂದು ಪ್ರಶ್ನೆಗೆ ಪರ್ಜಿಯೊ ಆಮೇಲೆ ಮನಸ್ಸಿನಲ್ಲಿ ಎಷ್ಟು ಉತ್ತರ ಕೊಟ್ಟನೋ ಲೆಕ್ಕವಿಲ್ಲ. ಇಲ್ಲ ಬುಧೆ, ನನ್ನ ಬೆವರು ಬಿತ್ತು. ಇಲ್ಲ ಬುಧೆ, ಯಂತ್ರ ಕೆಟ್ಟಿತ್ತು. ಇಲ್ಲ ಬುಧೆ, ನನಗೆ ಗೊತ್ತಿಲ್ಲ. ಕೊನೆಯದು ಸುಳ್ಳಾದರೂ ಎಷ್ಟೋ ಮೇಲಿತ್ತು. ಆದರೆ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು, ಸೆಕಾರ್ ಇತ್ತ ತಿರುಗಿ ಕೂತಿದ್ದಳು, ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಹೂಂ" ಎಂದ.

"ಅದೂ ಸರೀನೇ" ಎಂದಳು ರುಬಿನೆಮ್, ಬೇಗಬೇಗ. "ಮನೆಯೋರ ಫೋಟೊ ಅಲ್ವಾ. ಮಧ್ಯದಲ್ಲಿ ನಾನ್ಯಾಕೆ? ಅಮ್ಮನ ಮೊಮ್ಮಗು ಎಳ್ಕೊಂಡು ಹೋಗಿ ನಿಲ್ಲಿಸಿಬಿಡ್ತು, ಆಗ್ಲೇ ಬೇಡ ಅಂದಿದ್ದೆ." ಚಿತ್ರಕ್ಕೆ ಕಾಗದವನ್ನು ತಾನೇ ಮತ್ತೆ ಸುತ್ತಿದಳು. ಪರ್ಜಿಯೊ ಎತ್ತಿಕೊಡಲು ಬಂದಾಗ "ನೀನು ಉಪವಾಸ ಇದೀಯ, ಸುಸ್ತಾಗುತ್ತೆ, ಬಿಡು" ಎಂದು ರಿಕ್ಷಾದವನನ್ನೇ ಕರೆದಳು.

ಆ ಸಂಜೆ ಉಪವಾಸ ಮುರಿಯಲು ಬಿಸಿ ಸಿಹಿ ಚಹಾ ಮುಂದಿಟ್ಟ ವರ್ತಿನಿ ಲೋಕಾಭಿರಾಮವಾಗಿ ಮಾತು ತೆಗೆದಳು. ಗಂಡನ ಎದೆಗೆ ಅದು ಹೇಗೆ ಇಳಿಯುತ್ತಿದೆಯೆಂದು ಅವಳಿಗೇನು ಗೊತ್ತು?

"ರೀ, ರುಬಿನೆಮ್ ಬುಧೆ ಫೋಟೊ ನೀವೇ ಮಾಡಿದ್ದಾ? ಸಂತೇಲಿ ತರಕಾರಿ ಮಾರೋಳಿಂದ ಹಿಡಿದು ಎಲ್ರಿಗೂ ಹೇಳ್ಕೊಂಡು ಬಂದಿದ್ದಾರೆ, ನಾನೂ ಇದೀನಿ ಅದ್ರಲ್ಲಿ, ನಡುಮನೇಲಿ ಹಾಕ್ತಾರಂತೆ ಅಂತ. ಪಾಪ, ಹುಟ್ಟಿದಾಗಿಂದ ಒಂದು ಫೋಟೊ ತೆಗೆಸಿದೋರಲ್ಲ. ಗುರುತಿನ ಚೀಟಿದು ಬಿಟ್ರೆ."

ಪರ್ಜಿಯೊ ಖರ್ಜೂರವನ್ನು ಬಾಯಿಗಿಟ್ಟವನು ಹಾಗೇ ಕೂತ.

"ಏನ್ರೀ, ಬೀಜ ನುಂಗಿದ್ರಾ?"

"ಇಲ್ಲ" ಎಂದ. ಹೆಂಡತಿಗೂ ಹೇಳಲಿಲ್ಲ. ಹೇಳಲು ನಾಚಿಕೆ. ಬೆವರು ಬಿದ್ದದ್ದಕ್ಕಲ್ಲ, ಕತ್ತರಿಸಿದ್ದಕ್ಕೂ ಅಲ್ಲವೇನೋ. ಆ "ಹೂಂ" ಇತ್ತಲ್ಲ, ಅದನ್ನು ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ. ಒಬ್ಬ ಮುದುಕಿ ತನ್ನ ಇಡೀ ಬಾಳು ಸವೆಸಿದ ಮನೆಯವರೇ ತನ್ನನ್ನು ಕತ್ತರಿಸಿ ಎಸೆಯಲು ಹೇಳಿದರೆಂದು ನಂಬಿ ಆ ಚಿತ್ರವನ್ನು ರಿಕ್ಷಾದಲ್ಲಿಟ್ಟುಕೊಂಡು ಹೋಗಿದ್ದಳು. ಹಾಗೆ ನಂಬಿಸಿದವನು ಅವನು.

ಹಬ್ಬದ ದಿನ ಹೇಳಿಬಿಡುತ್ತೇನೆ ಎಂದುಕೊಂಡ. ಜಾವಾದಲ್ಲಿ ತಪ್ಪೊಪ್ಪಿಕೊಳ್ಳಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಬೆಳಗಿನ ನಮಾಜು ಮುಗಿಸಿ ಬಂದ ಕೇರಿಯವರೆಲ್ಲ ಗಲ್ಲಿಯುದ್ದಕ್ಕೂ ಸಾಲು ನಿಲ್ಲುತ್ತಾರೆ. ತುದಿಯಲ್ಲಿದ್ದವನು ಎಲ್ಲರ ಕೈ ಹಿಡಿಯುತ್ತ ಬರುತ್ತಾನೆ, ಅವನ ಹಿಂದೆ ಮುಂದಿನವನು, ಹೀಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಕೈ ಹಿಡಿದು, ಹೊರಗೆ ಮಾಡಿದ್ದನ್ನೂ ಒಳಗೆ ಎಣಿಸಿದ್ದನ್ನೂ ಕ್ಷಮಿಸಿ ಎನ್ನಬೇಕು. ಸಾಲ ಕೇಳಿ ಜಗಳಾಡಿದವರು, ಕೋಳಿಗಾಗಿ ಮಾತು ಬಿಟ್ಟವರು ಎಲ್ಲರೂ ಅಲ್ಲಿ ಹಗುರಾಗುತ್ತಾರೆ. ಆದರೆ ಎಲ್ಲರೂ ಒಟ್ಟಿಗೇ ಕ್ಷಮೆ ಕೇಳುವ ಕಡೆ ಯಾರೂ ಯಾವ ತಪ್ಪನ್ನೂ ಹೆಸರಿಟ್ಟು ಹೇಳುವುದಿಲ್ಲ. ಪರ್ಜಿಯೊನಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೇ ಆ ದಿನವನ್ನು ಆರಿಸಿಕೊಂಡಿದ್ದ.

ರುಬಿನೆಮ್ ಎದುರಿಗೆ ಬಂದಳು. ಅವಳ ಕೈ ಒಣಗಿದ ತೊಗಟೆಯ ಹಾಗಿತ್ತು. ಪರ್ಜಿಯೊ ಎರಡೂ ಕೈಯಲ್ಲಿ ಹಿಡಿದುಕೊಂಡು, ಉಳಿದವರಿಗಿಂತ ಹೆಚ್ಚು ಬಗ್ಗಿ, "ಬುಧೆ, ನನ್ನ ತಪ್ಪೆಲ್ಲ ಕ್ಷಮಿಸಿ, ಹೊರಗಿಂದೂ ಒಳಗಿಂದೂ" ಎಂದ. ಹಿಂದಿನವರು ನೂಕುತ್ತಿದ್ದರು.

"ಎಲ್ಲ ಕ್ಷಮಿಸಿದೆ ಮಗಾ. ನಂದೂ ಏನಾದ್ರೂ ಇದ್ರೆ ನೀನೂ ಕ್ಷಮಿಸಿಬಿಡು" ಎಂದಳು. "ಅವತ್ತು ಅಂಗಡೀಲಿ ಏನೇನೋ ಕೇಳ್ಬಿಟ್ಟೆ. ಅಮ್ಮನ ಮಾತು ನಿನ್ ಬಾಯಲ್ಲಿ ಹೇಳಿಸಬಾರದಾಗಿತ್ತು. ನಿಂಗೆಷ್ಟು ಕಷ್ಟ ಆಯ್ತೋ."

ಅವನ ಕೈ ಬಿಟ್ಟು ಅವಳು ಮುಂದಿನವರ ಕೈ ಹಿಡಿದಳು. ಪರ್ಜಿಯೊ ಎದುರು ಬಂದ ಯಾರ್ಯಾರದೋ ಕೈ ಕುಲುಕುತ್ತ ನಿಂತ. ಕೇಳಿದ್ದು ಸಿಕ್ಕಿತ್ತು. ಸಿಕ್ಕಿದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮರುದಿನ ಗಂಡ ಹೆಂಡತಿ ದೊಡ್ಡ ಮನೆಗೆ ಹಬ್ಬದ ಭೇಟಿಗೆ ಹೋದರು. ಹೋಗದೆ ಇರಲು ತಲೆನೋವು ಎಂದು ನೋಡಿದ, ವರ್ತಿನಿ ಬಿಡಲಿಲ್ಲ. ನಡುಮನೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ, ಆ ಚಿತ್ರ. ಬಂದವರೆಲ್ಲ ಹೊಗಳುತ್ತಿದ್ದರು. ಒಂದು ಗುಳ್ಳೆಯಿಲ್ಲ ನೋಡಿ, ಒಂದು ಸುಕ್ಕಿಲ್ಲ ನೋಡಿ. ಪರ್ಜಿಯೊ ಆ ಗೋಡೆಗೆ ಬೆನ್ನು ಹಾಕಿ ಕೂತ. ವರ್ತಿನಿ ಮಾತ್ರ ಚಿತ್ರವನ್ನು ನೋಡಿದಳು, ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಗಂಡನ ಕಡೆ ತಿರುಗಿದಳು.

ರುಬಿನೆಮ್ ಕೋಳಿ ಸಾರಿನ ಬಟ್ಟಲುಗಳನ್ನು ತಂದಿಟ್ಟು ಒಳಗೆ ಹೋದ ಮೇಲೆ ಬು ನಿಂಗ್ರುಮ್ ಪರ್ಜಿಯೊನ ಹತ್ತಿರ ಬಂದು, ಪಾಕ್ ಎಂದು ಗೌರವದಿಂದ ಕರೆದು, ಮೆಲ್ಲನೆ ಹೇಳಿದರು: "ಪಾಕ್ ಪರ್ಜಿಯೊ, ಫೋಟೊ ತುಂಬ ಚೆನ್ನಾಗಿದೆ. ಆದ್ರೆ ಬುಧೆ ನಿಮಗೆ ಏನಾದ್ರೂ ಹೇಳಿದ್ರಾ? ಅವರೇ ತಾನೇ ಹೇಳಿದ್ದು, ನನ್ನನ್ನ ತೆಗೆದುಬಿಡಿ ಅಂತ? ಫೋಟೊ ಅಂದ್ರೆ ಮೊದಲಿಂದ ನಾಚ್ಕೋತಾರೆ. ಹೋಗ್ಲಿ ಅಂತ ನಾನೂ ಕೇಳಲಿಲ್ಲ. ಅವರಿಗೆ ನಮ್ಮ ಜೊತೆ ನಿಲ್ಲೋಕೆ ಇಷ್ಟ ಇಲ್ಲ ಅಂದ್ರೆ ಬಲವಂತ ಮಾಡೋಕಾಗುತ್ತಾ?" ಆಕೆಯ ಕಣ್ಣಲ್ಲಿ ನೀರಿತ್ತು. "ಈಗ ನೋಡಿ, ಊರಿಗೆ ಹೋಗ್ತೀನಿ ಅಂತಿದ್ದಾರೆ. ಮುಂದಿನ ವಾರ ಕೆತುಪಾಟ್ ಹಬ್ಬ ಮುಗಿಸ್ಕೊಂಡು ಹೋದ್ರೆ ಮತ್ತೆ ಬರಲ್ವಂತೆ. ಅಲ್ಲಿ ಯಾರಿದ್ದಾರೆ ಅವರಿಗೆ? ತಮ್ಮನ ಮಗ ಒಬ್ಬ, ಅವನ ಹೆಂಡತಿ ಇವರನ್ನ ಕಂಡ್ರೆ ಸಿಡುಕ್ತಾಳೆ. ನಾವೇನು ಮಾಡಿದ್ವಿ ಅಂತಾನೇ ಗೊತ್ತಾಗ್ತಿಲ್ಲ."

ಒಂದು ಮನೆಯಲ್ಲಿ ಇಬ್ಬರು ಹೆಂಗಸರು. ಇವಳು ಬೇಡವೆಂದಳೆಂದು ಅವರು ನೊಂದಿದ್ದಾರೆ, ಅವರು ಬೇಡವೆಂದರೆಂದು ಇವಳು ಗಂಟು ಕಟ್ಟುತ್ತಿದ್ದಾಳೆ. ಇಬ್ಬರಿಗೂ ಎದುರಿಗೆ ಕೇಳಲು ಸಂಕೋಚ. ಹೀಗಲ್ಲ ಎಂದು ಹೇಳಬಲ್ಲವನು ಇಡೀ ಊರಲ್ಲಿ ಒಬ್ಬನೇ, ಅವನು ಸಾರಿನ ಬಟ್ಟಲು ಹಿಡಿದು ಕೂತಿದ್ದಾನೆ. ಪರ್ಜಿಯೊ ಬಾಯಿ ತೆರೆದ. ಅಷ್ಟರಲ್ಲಿ ಇನ್ನಾರೋ ಹಬ್ಬದವರು ಬಂದರು. ಬು ನಿಂಗ್ರುಮ್ ಕಣ್ಣೊರೆಸಿಕೊಂಡು ನಗುತ್ತ ಎದ್ದುಹೋದರು. ಅವನಿಗೆ ಅಬ್ಬಾ, ಬದುಕಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಮೈಯೆಲ್ಲ ಬಿಸಿಯಾಯಿತು.

ದಾರಿಯಲ್ಲಿ ವರ್ತಿನಿ ಕೇಳಿಯೇಬಿಟ್ಟಳು. "ಬುಧೆ ಎಲ್ಲಿ ಫೋಟೋದಲ್ಲಿ?"

ಅವನು ಹೆಜ್ಜೆ ಜೋರು ಮಾಡಿದ.

"ಹಲಗೆಗೆ ಅಂಟಿಸೋದ್ರಲ್ಲಿ ನೀವು ಹುಷಾರು, ಊರಿಗೇ ಗೊತ್ತು. ಬಾಯಿಗೂ ಅಂಟಿಸ್ಕೊಂಡು ಬಿಟ್ರಾ?"

ಗಲ್ಲಿಯ ತಿರುವಿನಲ್ಲಿ ಅವನು ನಿಂತ. ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. ಬೆವರು, ತೋಳು, ಕಟರ್, "ಹೂಂ", ಸಾಲಿನಲ್ಲಿ ಕೇಳಿದ ಕ್ಷಮೆ, ಇವತ್ತು ಮುಚ್ಚಿಕೊಂಡ ಬಾಯಿ. ಮುಗಿದ ಮೇಲೆ ವರ್ತಿನಿ ಕೇಳಿದಳು:

"ಆ ಜಾಗದಲ್ಲಿ ನಿಮ್ಮಮ್ಮ ನಿಂತಿದ್ದಿದ್ರೆ?"

"ಅಮ್ಮನ ಹಾಗೇ ನಿಂತಿದ್ಲು" ಎಂದ ಪರ್ಜಿಯೊ. "ಅದಕ್ಕೇ ಕತ್ತರಿಸೋಕೆ ಸುಲಭ ಆಯ್ತು."

ವರ್ತಿನಿ ಎದ್ದು ಸೀರೆಯಂಥ ತನ್ನ ಬಾತಿಕ್ ಬಟ್ಟೆಯ ದೂಳು ಕೊಡವಿಕೊಂಡಳು. "ನಾನು ಬರಲ್ಲ ನಿಮ್ಮ ಜೊತೆ, ಒಬ್ರೇ ಹೋಗಿ ಹೇಳಿ. ಅವರು ಗಾಡಿ ಹತ್ತೋಕೆ ಮೊದಲು ಹೇಳಿ" ಎಂದು ಮುಂದೆ ನಡೆದಳು.

ಹಬ್ಬದ ರಜೆ ಮುಗಿದು ಅಂಗಡಿ ತೆರೆದದ್ದು ಕೆತುಪಾಟ್ ಹಬ್ಬದ ಹಿಂದಿನ ದಿನ. ಪರ್ಜಿಯೊ ಸೆಕಾರ್‌ಳ ಮುಂದೆ ಹೋಗಿ ನಿಂತ. "ಆ ಮನೆಯೋರ ಫೋಟೊ ಇನ್ನೊಂದು ಸಲ ತೆಗೀಬೇಕಮ್ಮ. ದುಡ್ಡು ನಂದು. ಆವತ್ತು ಕೆಡಿಸಿದ್ದು ನಾನೇ. ನಿನ್ನ ಮುಂದೆ ಹೇಳೋಕೆ ನಾಚಿಕೆ ಆಗಿ ಮುಚ್ಚಿಟ್ಟೆ." ಸೆಕಾರ್ ನಗಬಹುದಿತ್ತು, ಅವಳಿಗೆ ಆ ಹಕ್ಕಿತ್ತು. ಅವಳು ಕಡತ ಹುಡುಕಿ ಯಂತ್ರಕ್ಕೆ ಕಾಗದ ಹಾಕಿದಳು. "ಬೈದಿದ್ದು ನೆನಪಿದೆ ಪಾಕ್. ಅದನ್ನ ಇನ್ನೊಂದಿನ ಮಾತಾಡೋಣ" ಎಂದಳಷ್ಟೆ.

ಚಿತ್ರ ಯಂತ್ರದಿಂದ ಇಷ್ಟಿಷ್ಟೇ ಇಳಿಯುವಾಗ ಅವನು ಮೊದಲ ಸಲ ಮುಖಗಳನ್ನು ನೋಡಿದ. ಬಲಗಡೆಯ ತುದಿ ಬಂತು. ರುಬಿನೆಮ್ ತಲೆ ಬಗ್ಗಿಸಿದ್ದಳು ನಿಜ, ಆದರೆ ಕಣ್ಣು ಮಾತ್ರ ಮೇಲೆತ್ತಿ ಕ್ಯಾಮೆರಾವನ್ನು ನೋಡುತ್ತಿದ್ದಳು. ನಗು ತಡೆಯಲಾರದೆ ತುಟಿ ಒಂದು ಕಡೆ ಎಳೆದಿತ್ತು. ಅಳಿಯನ ಕಾಲ ಬಳಿಯಿಂದ ಚಾಚಿ ಅವಳ ಬಟ್ಟೆಯ ತುದಿ ಹಿಡಿದಿದ್ದ ಪುಟ್ಟ ಕೈಯೊಂದಿತ್ತು, ಅವಳನ್ನು ಎಳೆತಂದ ಮಗುವಿನದು. ಹಿಂದಿನ ಸಲ ಆ ಕೈಯನ್ನೂ ಮಣಿಕಟ್ಟಿನ ಹತ್ತಿರ ಕತ್ತರಿಸಿದ್ದ. ನೋಡಿಯೇ ಇರಲಿಲ್ಲ.

ಹಣೆಗೆ ಬಟ್ಟೆ ಬಿಗಿದು, ಫ್ಯಾನ್ ಆರಿಸಿ, ಅಂಟಿಸಿದ. ಅಂಚಿನಲ್ಲಿ ಕೂದಲೆಳೆಯಷ್ಟೂ ಕತ್ತರಿಸಲಿಲ್ಲ.

ಕೆತುಪಾಟ್ ಹಬ್ಬದ ಬೆಳಿಗ್ಗೆ ಆ ಮನೆಯ ಜಗುಲಿಯಲ್ಲಿ ಹಗ್ಗ ಬಿಗಿದ ಒಂದು ರಟ್ಟಿನ ಪೆಟ್ಟಿಗೆ, ಒಂದು ಬಟ್ಟೆಯ ಗಂಟು. ಒಂದು ಜೀವಮಾನದ ಸಾಮಾನು ಅಷ್ಟೇ ಇತ್ತು. ರುಬಿನೆಮ್ ಅಡುಗೆಮನೆಯಿಂದ, ಬು ನಿಂಗ್ರುಮ್ ನಡುಮನೆಯಿಂದ ಹೊರಬಂದರು. ಪರ್ಜಿಯೊ ಚಿತ್ರವನ್ನು ಗೋಡೆಗೆ ಒರಗಿಸಿ ಕಾಗದ ಬಿಚ್ಚಿದ. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಎಂದು ಅವನಿಗೆ ಗೊತ್ತಿತ್ತು.

"ಬು, ಬುಧೆ ತೆಗೀರಿ ಅಂದಿರಲಿಲ್ಲ. ಬುಧೆ, ಅಮ್ಮನೂ ಅಂದಿರಲಿಲ್ಲ. ಯಾರೂ ಏನೂ ಅಂದಿರಲಿಲ್ಲ. ನನ್ನ ಬೆವರು ಬಿದ್ದು ಬುಧೆ ಮುಖ ಕೆಟ್ಟಿತ್ತು. ಹೇಳೋಕೆ ಅವಮಾನ ಅಂತ ಕತ್ತರಿಸಿ ಬಿಸಾಕಿದೆ. ಬುಧೆ ಬಂದು ಕೇಳಿದಾಗ, ಅಮ್ಮನೇ ಹೇಳಿದ್ದು ಅಂತ ಸುಳ್ಳು ಹೇಳಿದೆ."

ಬು ನಿಂಗ್ರುಮ್ ಕೂಗಿಯೇಬಿಟ್ಟರು: "ಅಯ್ಯೋ ಬುಧೆ! ನಾನು ಹೇಳ್ದೆ ಅಂದ್ಕೊಂಡ್ರಾ? ನನ್ನ ಎತ್ತಿ ಆಡ್ಸಿದೋರು ನೀವು!"

"ನೀವೂ ನಾನೇ ಹೇಳ್ದೆ ಅಂದ್ಕೊಂಡ್ರಲ್ಲಮ್ಮ" ಎಂದಳು ರುಬಿನೆಮ್. "ಒಂದು ಮಾತು ಕೇಳೋದಲ್ವಾ?"

"ನೀವು ಕೇಳಿದ್ರಾ?"

ಇಬ್ಬರೂ ಅತ್ತರು, ಅಳುತ್ತಲೇ ನಕ್ಕರು. ಬು ನಿಂಗ್ರುಮ್ ತಾವೇ ಬಗ್ಗಿ ಪೆಟ್ಟಿಗೆಯ ಹಗ್ಗ ಬಿಚ್ಚಲು ಹೋದರು, ಗಂಟು ಸಡಿಲಾಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದರು. ಪೆಟ್ಟಿಗೆಯನ್ನು ಎತ್ತಿಕೊಂಡು, ಸೊಸೆಯನ್ನು ಕೂಗುತ್ತ ಒಳಗೆ ಹೋದರು. ಅವರ ಸಂಕಟ ಅಲ್ಲಿಗೆ ಮುಗಿಯಿತು. ನಾಲ್ಕು ಮಾತಿಗೆ ಮುಗಿಯುವಂಥದ್ದಾಗಿತ್ತು ಅದು. ಆ ನಾಲ್ಕು ಮಾತನ್ನು ಪರ್ಜಿಯೊ ಇಷ್ಟು ದಿನ ಬಾಯಲ್ಲಿಟ್ಟುಕೊಂಡು ಓಡಾಡಿದ್ದ.

ಜಗುಲಿಯಲ್ಲಿ ರುಬಿನೆಮ್ ಮತ್ತು ಅವನು ಉಳಿದರು. ಅವಳು ಚಿತ್ರದ ಹತ್ತಿರ ಕೂತು ತನ್ನನ್ನು ನೋಡಿದಳು, ಮಗುವಿನ ಕೈಯನ್ನು ನೋಡಿದಳು. ಅವನ ಕಡೆ ತಿರುಗದೆಯೇ ಕೇಳಿದಳು.

"ಕತ್ತರಿಸೋವಾಗ ಅಲ್ಲಿ ಒಬ್ಳು ನಿಂತಿದ್ದಾಳೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಯಾರು ಅಂದ್ಕೊಂಡೆ?"

ಅವನು ನೆಲ ನೋಡಿದ. "ಕೆಲಸದೋಳು ಅಂದ್ಕೊಂಡೆ."

"ಸರಿಯಾಗೇ ಅಂದ್ಕೊಂಡಿದ್ದೀಯ" ಎಂದಳು ರುಬಿನೆಮ್.

ಪರ್ಜಿಯೊ ಮಂಡಿಯೂರಿ ಕೂತುಬಿಟ್ಟ. "ಬುಧೆ, ನನ್ನ ಕ್ಷಮಿಸಿ."

"ಹಬ್ಬದ ದಿನಾನೇ ಕೇಳಿದೆಯಲ್ಲ. ಕೊಟ್ಟೂ ಆಯ್ತು."

"ಆವಾಗ ನಿಮಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ" ಎಂದಳು. ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಅವನು ತಡೆದುಕೊಳ್ಳಬಹುದಿತ್ತು. "ನಿನ್ನ ಕೈ ಹಿಡ್ಕೊಂಡು, ನಾನೇ ಕ್ಷಮೆ ಕೇಳ್ದೆ ನಿನ್ನ. ಗೊತ್ತಿದ್ದಿದ್ರೆ ಕ್ಷಮಿಸ್ತಿದ್ನೋ ಇಲ್ವೋ, ಈಗ ಹೆಂಗೆ ಹೇಳ್ಲಿ? ಕೊಟ್ಟಿದ್ದನ್ನ ವಾಪಸ್ ಕೇಳಿ ಅಭ್ಯಾಸ ಇಲ್ಲ ನಂಗೆ. ನೀನೇ ಇಟ್ಕೋ ಅದನ್ನ."

ಎದ್ದು ಒಳಗೆ ಹೋಗಿ ಸುತ್ತಿಗೆ ಮತ್ತು ಒಂದು ಸ್ಟೂಲು ತಂದಳು. "ಬಂದಿದೀಯ, ನೇತುಹಾಕಿ ಹೋಗು. ಈ ಮನೇಲಿ ಅದನ್ನ ಎತ್ತೋ ಗಂಡಸರ್ಯಾರೂ ಎದ್ದಿಲ್ಲ ಇನ್ನೂ."

ನಡುಮನೆಯಲ್ಲಿ ಹಳೆಯ ಚಿತ್ರವನ್ನು ಇಳಿಸಿ, ಹೊಸದು ಅಗಲವಾಗಿದ್ದರಿಂದ ಮೊಳೆಗಳನ್ನು ದೂರಕ್ಕೆ ಹೊಡೆದ. ಸ್ಟೂಲಿನ ಒಂದು ಕಾಲು ಗಿಡ್ಡ. ರುಬಿನೆಮ್ ಬಗ್ಗಿ ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಎಡಗಡೆ ಇನ್ನೊಂಚೂರು ಮೇಲೆ" ಎಂದಳು. "ಹಾಂ, ಈಗ ಸರಿಯಾಯ್ತು. ಇಳಿ, ಬೀಳ್ತೀಯ."

ಇಳಿಯಬೇಕಾದರೆ ಅವಳ ಕಡೆ ತಿರುಗಬೇಕಿತ್ತು. ಪರ್ಜಿಯೊ ಇನ್ನೂ ಸ್ವಲ್ಪ ಹೊತ್ತು ಚೌಕಟ್ಟನ್ನು ಹಿಡಿದುಕೊಂಡು, ಅದು ನೆಟ್ಟಗಿದೆಯೋ ಇಲ್ಲವೋ ನೋಡುವವನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವಳು ಸ್ಟೂಲು ಬಿಡಲಿಲ್ಲ.